ಲಸಿಕೆಯ ಹಿಂಜರಿಕೆ: ಕಾಡಂಚಿನ ಬಂಧುಗಳ ಮಾತಿಗೂ ಕಿವಿಗೊಡೋಣ

ಮುಂಡಗೋಡ ತಾಲೂಕಿನ ಸನವಳ್ಳಿಯಂತಹ ಊರುಗಳಲ್ಲಿ ಭತ್ತದ ಗದ್ದೆಯ ಬದು ಮುಗಿಯುವಲ್ಲಿಂದಲೇ ಕಾಡು ಮೊದಲಾಗುತ್ತದೆ. ಆ ಕಾಡಂಚಿನಲ್ಲಿ ಗೌಳಿಗರ ದಡ್ಡಿಗಳಿವೆ. ಅಲ್ಲಿಂದ ಯಲ್ಲಾಪುರ, ಹಳಿಯಾಳ, ಜೋಯಿಡಾಗಳ ಕಡೆಗೆ ಸಾಗಿದಂತೆ ಸಿದ್ದಿ ಜನರ ಕೇರಿಗಳೂ ಕುಣಬಿ ಜನರ ವಾಡೆಗಳೂ ಸಿಗುತ್ತವೆ. ಅನೇಕ ಭಕ್ತರ ಮನೆಗೆ ಹಾಲು ಬರುವುದು ಆ ದಡ್ಡಿಗಳಿಂದ. ನಾಟಿಗೂ ಕೊಯ್ಲಿಗೂ ಒದಗುವುದು ಆ ಕೈಗಳೇ. ಕಾಯಕದಲ್ಲಿ ನಮ್ಮ ಜೊತೆಗಾರರಾದ ಇವರು ರೋಗರುಜಿನದ ಹೊತ್ತಿನಲ್ಲಿ ಮಾತ್ರ ನಮಗೆ ದೂರದವರಾಗಿ ಉಳಿದಿದ್ದಾರೆ. ಆದುದರಿಂದ ಈ ಬಾರಿಯ ಆರೋಗ್ಯದ ಪುಟಗಳಲ್ಲಿ ಅವರಿಗೆ ಸಂಬಂಧಿಸಿದ ಒಂದು ಪ್ರಶ್ನೆಯನ್ನು ಎತ್ತಿಕೊಂಡಿದ್ದೇವೆ. ಲಸಿಕೆ ಎಂದೊಡನೆ ಅವರಲ್ಲಿ ಅನೇಕರು ಏಕೆ ಹಿಂದೆ ಸರಿಯುತ್ತಾರೆ?

“ಅವರಿಗೆ ತಿಳಿವಳಿಕೆ ಇಲ್ಲ, ಹೇಳಿದರೂ ಕೇಳುವುದಿಲ್ಲ” ಎಂಬ ಉತ್ತರ ಪೇಟೆಯಲ್ಲಿ ಸುಲಭವಾಗಿ ಸಿಗುತ್ತದೆ. ಸುಮಾರು ನಾಲ್ಕು ದಶಕಗಳಿಂದ ಈ ಭಾಗದಲ್ಲಿ ನಾಡಿ ಹಿಡಿಯುತ್ತ ಬಂದ ನಮಗೆ ಆ ಉತ್ತರ ಎಂದೂ ಒಪ್ಪಿಗೆಯಾಗಿಲ್ಲ. ಒಮ್ಮೆ ಕೂಸನ್ನು ಎತ್ತಿಕೊಂಡು ಬಂದಿದ್ದ ಗೌಳಿ ತಾಯಿಯೊಬ್ಬರು ನಮ್ಮೊಡನೆ ಹೇಳಿದ ಮಾತನ್ನು ಕೇಳಿರಿ. “ಸಾಹೇಬ್ರ, ಸೂಜಿ ಮಾಡಿಸಿದ್ರ ಕೂಸಿಗೆ ಜ್ವರಾ ಬರ್ತೈತಿ. ರಾತ್ರಿಯೆಲ್ಲಾ ಅಳತೈತಿ. ಮುಂಜಾನೆ ಎಮ್ಮಿ ಹಿಂಡೋರು ಯಾರ್ರಿ? ಚೊಲೋ ಇದ್ದ ಕೂಸಿಗೆ ನಾವ್ಯಾಕ ಜ್ವರಾ ತರಿಸಬೇಕ್ರಿ?” ಈ ಮಾತಿನಲ್ಲಿ ಅಜ್ಞಾನ ಎಲ್ಲಿದೆ? ಲಸಿಕೆಯ ನಂತರ ಜ್ವರ ಬರುವುದು ನಿಜ. ನಿದ್ದೆಗೆಟ್ಟ ತಾಯಿ ಬೆಳಗಿನ ಜಾವ ಎದ್ದು ಹಾಲು ಹಿಂಡಲೇಬೇಕೆಂಬುದೂ ನಿಜ. ಆಕೆಯ ಲೆಕ್ಕದಲ್ಲಿ ಕಾಣದೆ ಹೋದದ್ದು ಒಂದೇ ಅಂಶ: ಆ ಒಂದು ರಾತ್ರಿಯ ಜ್ವರ ಯಾವ ಯಾವ ರೋಗವನ್ನು ತಡೆಯುತ್ತದೆ ಎಂಬುದು. ಅದನ್ನು ಆಕೆಗೆ ತಿಳಿಯುವ ಭಾಷೆಯಲ್ಲಿ, ಕುಳಿತು, ಯಾರೂ ಹೇಳಿರಲಿಲ್ಲ.

2021ರ ಜನವರಿ 16ರಂದು ದೇಶದಲ್ಲಿ ಕೊರೋನಾ ಲಸಿಕೆ ಆರಂಭವಾಯಿತು. ಏಪ್ರಿಲ್ 1ರಿಂದ 45 ವರ್ಷ ದಾಟಿದ ಎಲ್ಲರಿಗೂ, ಮೇ 1ರಿಂದ 18 ದಾಟಿದವರಿಗೂ ಅದು ತೆರೆಯಿತು. ಮೊದಮೊದಲು ಕಿರಿಯ ವಯಸ್ಸಿನವರು ಹೆಸರು ನೋಂದಾಯಿಸಲು ಮೊಬೈಲು ಬೇಕು, ಅದಕ್ಕೆ ಸಂದೇಶ ಬರಬೇಕು ಎಂಬ ಕಟ್ಟಳೆ ಇತ್ತು. ಜೋಯಿಡಾದ ಎಷ್ಟೋ ವಾಡೆಗಳಲ್ಲಿ ಒಂದು ಕರೆ ಮಾಡಬೇಕಾದರೆ ಗುಡ್ಡ ಹತ್ತಬೇಕು. ಅಲ್ಲಿಯ ಜನಕ್ಕೆ ಈ ಕಟ್ಟಳೆ ಬಾಗಿಲಿಗೆ ಹಾಕಿದ ಅಗುಳಿಯಾಯಿತು. ಲಸಿಕೆಗಿಂತ ಮೊದಲು ಅಲ್ಲಿಗೆ ತಲುಪಿದ್ದು ಗಾಳಿಸುದ್ದಿ. ಸೂಜಿ ಚುಚ್ಚಿಸಿಕೊಂಡವರು ಎರಡು ವರ್ಷಕ್ಕೆ ಸಾಯುತ್ತಾರಂತೆ, ಮಕ್ಕಳಾಗುವುದಿಲ್ಲವಂತೆ, ಗಂಡಸರು ಬಲಗುಂದುತ್ತಾರಂತೆ. ನಮ್ಮಲ್ಲಿ ಮಾತ್ರವಲ್ಲ, ದೂರದ ಚಾಮರಾಜನಗರ ಜಿಲ್ಲೆಯ ಸೋಲಿಗರ ಪೋಡುಗಳಲ್ಲಿಯೂ ಇದೇ ಸುದ್ದಿಗಳು ಹಬ್ಬಿ, ಆರೋಗ್ಯ ಸಿಬ್ಬಂದಿಯ ವಾಹನ ಕಂಡೊಡನೆ ಜನ ಕಾಡು ಸೇರಿದ ವರದಿಗಳು ಅಂದಿನ ಪತ್ರಿಕೆಗಳಲ್ಲಿ ಬಂದವು. ಅಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವಿದೆ. ಸೋಲಿಗರದೇ ಆದ ಸಂಘಗಳಿವೆ. ಸೋಲಿಗ ಹಿರಿಯರೇ ಮೊದಲು ತೋಳು ಒಡ್ಡಿ, ತಮ್ಮ ನುಡಿಯಲ್ಲೇ ತಮ್ಮವರಿಗೆ ಹೇಳಿದಾಗ ಪೋಡುಗಳ ಬಾಗಿಲು ನಿಧಾನವಾಗಿ ತೆರೆದವು. ಹೊರಗಿನವರ ಹತ್ತು ಭಾಷಣಗಳಿಂದ ಆಗದ ಕೆಲಸ ಅದು.

ಮಕ್ಕಳಾಗುವುದಿಲ್ಲವೆಂಬ ಭಯ ಎಲ್ಲಿಂದ ಹುಟ್ಟಿತು? ಅದು ಮೊಬೈಲಿನಲ್ಲಿ ಹುಟ್ಟಿದ್ದಲ್ಲ. ತುರ್ತುಪರಿಸ್ಥಿತಿಯ ದಿನಗಳನ್ನು ಹಿರಿಯ ಓದುಗರು ನೆನೆಯಬಹುದು. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಗುರಿ ಮುಟ್ಟಿಸಲೇಬೇಕೆಂಬ ಒತ್ತಡ ಶಿಕ್ಷಕರಿಂದ ಹಿಡಿದು ಗ್ರಾಮಮಟ್ಟದ ನೌಕರರವರೆಗೆ ಎಲ್ಲರ ಮೇಲಿತ್ತು. ಆ ಒತ್ತಡದ ಭಾರ ಕೊನೆಗೆ ಬಿದ್ದದ್ದು ಪ್ರಶ್ನೆ ಕೇಳಲಾರದ ಬಡವರ ಮೇಲೆ. ಅಂದು ಯುವಕರಾಗಿದ್ದವರು ಇಂದು ಅಜ್ಜಂದಿರು. “ಸರಕಾರದವರು ಔಷಧ ಎಂದು ಬಂದರೆ ಮನೆಯ ಕುಡಿಯನ್ನು ನೋಡಿಕೊಳ್ಳಿ” ಎಂದು ಅವರು ಮೊಮ್ಮಕ್ಕಳಿಗೆ ಹೇಳಿದರೆ ಅದನ್ನು ಮೂಢನಂಬಿಕೆ ಎಂದು ಕರೆಯಲು ನಮಗೆ ಬಾಯಿ ಬರುವುದಿಲ್ಲ.

ಈ ಜಿಲ್ಲೆಯ ಕಾಡುಜನರ ನೆನಪಿನಲ್ಲಿ ಇನ್ನೂ ಹಲವು ಗಾಯಗಳಿವೆ. ಸಿದ್ದಿಯರ ಪೂರ್ವಜರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಗುಲಾಮರಾಗಿ ಮಾರಿದರು. ಗೋವೆಯ ಪೋರ್ತುಗೀಜರಿಂದ ತಪ್ಪಿಸಿಕೊಂಡವರಿಗೆ ಆಶ್ರಯವಾದದ್ದು ಈ ಕಾಡು. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ, ಅಂದರೆ ಸ್ವಾತಂತ್ರ್ಯ ಬಂದು ಅರ್ಧ ಶತಮಾನ ಕಳೆದ ಮೇಲೆ. ಕುಣಬಿ ಮತ್ತು ಗೌಳಿ ಸಮುದಾಯಗಳು ಅದೇ ಮಾನ್ಯತೆಗಾಗಿ ಬಹುಕಾಲದಿಂದ ಕೇಳುತ್ತ ಬಂದಿವೆ. 1987ರಲ್ಲಿ ಕ್ರೀಡಾ ಪ್ರಾಧಿಕಾರದ ವಿಶೇಷ ಯೋಜನೆಯೊಂದರಡಿ ಸಿದ್ದಿ ಮಕ್ಕಳನ್ನು ಓಟಗಾರರನ್ನಾಗಿ ಮಾಡುತ್ತೇವೆಂದು ಕರೆದೊಯ್ದರು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತುಹೋಯಿತು. ವಂಶವಾಹಿಗಳ ಅಧ್ಯಯನಕ್ಕಾಗಿ ರಕ್ತದ ಮಾದರಿ ಪಡೆದವರೂ ಇದ್ದಾರೆ. ಅತ್ತ ಕಾಳಿ ನದಿಗೆ ಸೂಪಾ ಅಣೆಕಟ್ಟು ಬಂದಾಗ ಮುಳುಗಿದ ಊರುಗಳ ಜನ ರಾಮನಗರದಲ್ಲಿ ನೆಲೆ ಹುಡುಕಬೇಕಾಯಿತು. ಇಂದು ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಕರೆಯಲ್ಪಡುವ ಕಾಡಿನೊಳಗಿನ ಕುಟುಂಬಗಳು “ಹೊರಗೆ ಬನ್ನಿ” ಎಂಬ ಮಾತನ್ನು ಕೇಳುತ್ತಲೇ ಇವೆ. ಹೀಗೆ ಜೀಪು ಹತ್ತಿ ಬಂದವರು ಏನನ್ನಾದರೂ ತೆಗೆದುಕೊಂಡೇ ಹೋದರು ಎಂಬುದು ಇವರ ಅನುಭವ. ಇಂತಹ ಅಂಗಳಕ್ಕೆ ಮತ್ತೊಂದು ಜೀಪು ಬಂದು “ತೋಳು ಕೊಡಿ” ಎಂದರೆ ಕಾಡಿನ ದಾರಿ ಹಿಡಿಯದೆ ಏನು ಮಾಡಿಯಾರು?

ನೆರೆಯ ಆಂಧ್ರದಲ್ಲಿ ನಡೆದುದನ್ನೂ ಇಲ್ಲಿ ಹೇಳಬೇಕು. 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ 10ರಿಂದ 14 ವರ್ಷದ ಸುಮಾರು 14,000 ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಅಧ್ಯಯನದ ಭಾಗವಾಗಿ ನೀಡಲಾಯಿತು. ಅವರಲ್ಲಿ ಅನೇಕರು ಆಶ್ರಮಶಾಲೆಗಳ ಬುಡಕಟ್ಟು ಬಾಲಕಿಯರು. ಎಷ್ಟೋ ಮಕ್ಕಳ ಪರವಾಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರು ತಂದೆತಾಯಿಗಳಲ್ಲ, ವಸತಿನಿಲಯದ ಮೇಲ್ವಿಚಾರಕರು. ಕೆಲವು ಬಾಲಕಿಯರು ತೀರಿಕೊಂಡಾಗ ಕೋಲಾಹಲವೆದ್ದು 2010ರ ಏಪ್ರಿಲ್‌ನಲ್ಲಿ ಯೋಜನೆಯನ್ನು ನಿಲ್ಲಿಸಿದರು. ಆ ಸಾವುಗಳಿಗೆ ಲಸಿಕೆ ಕಾರಣವೆಂದು ತನಿಖೆ ಹೇಳಲಿಲ್ಲ. ಹಾವು ಕಡಿತ, ನೀರುಪಾಲಾಗುವುದು ಮುಂತಾದ ಬೇರೆ ಕಾರಣಗಳು ಕಂಡುಬಂದವು. ಆದರೆ ಒಪ್ಪಿಗೆ ಪಡೆದ ರೀತಿಯನ್ನು ಸಂಸತ್ತಿನ ಸ್ಥಾಯಿ ಸಮಿತಿ 2013ರಲ್ಲಿ ಕಟುವಾಗಿ ಖಂಡಿಸಿತು. ಲಸಿಕೆ ಒಳ್ಳೆಯದಿದ್ದರೂ ಕೇಳದೆ ಕೊಟ್ಟದ್ದರಿಂದ ಅದರ ಹೆಸರೇ ಕೆಟ್ಟಿತು. ಇಡೀ ಜಗತ್ತಿನಲ್ಲಿ ಹೆಣ್ಣುಮಕ್ಕಳ ಜೀವ ಉಳಿಸುತ್ತಿರುವ ಆ ಲಸಿಕೆ ನಮ್ಮ ದೇಶದಲ್ಲಿ ಹಲವು ವರ್ಷ ಹಿಂದೆ ಬೀಳಲು ಈ ಪ್ರಕರಣವೂ ಒಂದು ಕಾರಣವೆಂಬುದು ನಮ್ಮ ಅಭಿಪ್ರಾಯ.

ಇನ್ನು ನಮ್ಮ ಮಲೆನಾಡಿನದೇ ಪಾಠ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಅದೇ ವೇಳೆಗೆ ಕಾಡಿಗೆ ಹೋಗಿ ಬಂದ ಜನ ಕಡುಜ್ವರದಿಂದ ಮಲಗಿದರು. ಮಂಗನ ಕಾಯಿಲೆ ಎಂದು ನಾವೆಲ್ಲ ಕರೆಯುವ ಈ ರೋಗವನ್ನು ಹರಡುವುದು ಕಾಡಿನ ಉಣ್ಣಿ. ಸೌದೆಗೆ, ತರಗೆಲೆಗೆ, ದನ ಮೇಯಿಸಲು ಕಾಡಿಗೆ ಹೋಗುವವರಿಗೇ ಅದು ಮೊದಲು ತಗಲುತ್ತದೆ. ನಮ್ಮ ಜಿಲ್ಲೆಯ ಸಿದ್ದಾಪುರ, ಹೊನ್ನಾವರ ಮುಂತಾದ ತಾಲೂಕುಗಳಿಗೂ ಅದು ಹಬ್ಬಿತು. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ಲಸಿಕೆಯನ್ನು ಬಹುಕಾಲ ನೀಡಿದರು. ತಿಂಗಳ ಅಂತರದಲ್ಲಿ ಎರಡು ಸೂಜಿ, ಆರರಿಂದ ಒಂಬತ್ತು ತಿಂಗಳಿಗೆ ಮತ್ತೊಂದು, ಆಮೇಲೆ ಐದು ವರ್ಷ ವರ್ಷಕ್ಕೊಂದು. ಚುಚ್ಚಿದ ಜಾಗ ಬಾತು ನೋಯುತ್ತಿತ್ತು. ಕೂಲಿ ಬಿಟ್ಟು ಇಷ್ಟು ಬಾರಿ ಬರುವವರು ಯಾರು? ಮೊದಲ ಸೂಜಿ ಪಡೆದ ಅನೇಕರು ಮುಂದಿನದಕ್ಕೆ ಮುಖ ತೋರಿಸಲಿಲ್ಲ.

2005ರಿಂದ 2010ರವರೆಗಿನ ಅಂಕಿಅಂಶಗಳನ್ನು ಪರಿಶೀಲಿಸಿದ ಅಧ್ಯಯನವೊಂದು ಎರಡು ಸೂಜಿ ಪಡೆದವರಲ್ಲಿ ರಕ್ಷಣೆ ಸುಮಾರು ಶೇ. 62, ಮೂರನೆಯದನ್ನೂ ಪಡೆದವರಲ್ಲಿ ಸುಮಾರು ಶೇ. 83 ಎಂದು ಲೆಕ್ಕ ಹಾಕಿತು. ಎಂದರೆ ಪೂರ್ತಿ ಪಡೆದರೂ ಕೆಲವರಿಗೆ ರೋಗ ಬರುತ್ತಿತ್ತು. ಆ ಸಂಗತಿಯನ್ನು ಮೊದಲೇ ತಿಳಿಸದ ಕಡೆಗಳಲ್ಲಿ “ಸೂಜಿ ಮಾಡಿಸಿದವನಿಗೂ ಬಂತಲ್ಲ” ಎಂಬ ಮಾತು ಹುಟ್ಟಿತು. 2018–19ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ರೋಗ ಭೀಕರವಾಗಿ ಕಾಣಿಸಿಕೊಂಡಾಗ ಲಸಿಕೆಯ ಬಗೆಗಿನ ಸಂಶಯ ಇನ್ನಷ್ಟು ಬಲಿಯಿತು. ಕೊನೆಗೆ ಅದರ ಶಕ್ತಿ ಸಾಲದೆಂದು 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಲಾಯಿತು. ಹೊಸ ಲಸಿಕೆಯನ್ನು ರೂಪಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ. ಅದು ನಮ್ಮ ಕಾಡಿಗೆ ಬರುವವರೆಗೆ ಉಣ್ಣಿ ಹತ್ತದಂತೆ ಮೈಗೆ ತೈಲ ಸವರಿಕೊಳ್ಳುವುದು, ಮೈತುಂಬ ಬಟ್ಟೆ ಧರಿಸುವುದು, ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆಯನ್ನು ಕುದಿಯುವ ನೀರಿಗೆ ಹಾಕುವುದು, ಸತ್ತ ಮಂಗ ಕಂಡರೆ ಮುಟ್ಟದೆ ಸುದ್ದಿ ಮುಟ್ಟಿಸುವುದು, ಇವಿಷ್ಟೇ ದಾರಿ.

ಇದನ್ನು ಇಷ್ಟು ವಿಸ್ತರಿಸಿ ಹೇಳಲು ಕಾರಣವಿದೆ. ಮಂಗನ ಕಾಯಿಲೆಯ ಲಸಿಕೆಯನ್ನು ಸಂಶಯದಿಂದ ಕಂಡವರ ಮಾತಿನಲ್ಲಿ ಹುರುಳಿತ್ತು. ಅದನ್ನು ನಾವು ಬಾಯಿಬಿಟ್ಟು ಒಪ್ಪಿಕೊಂಡರೆ ಮಾತ್ರ ಮುಂದಿನ ಮಾತಿಗೆ ಬೆಲೆ ಬರುತ್ತದೆ. ಆ ಮುಂದಿನ ಮಾತು ಇದು: ಎಲ್ಲ ಲಸಿಕೆಗಳೂ ಒಂದೇ ಅಲ್ಲ. ದಡಾರವನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಗೊಬ್ಬರ ಎನ್ನುತ್ತಾರೆ. ಅಮ್ಮ ಬಂದಿದ್ದಾಳೆಂದು ಬೇವಿನ ಸೊಪ್ಪು ಕಟ್ಟಿ ಮನೆಯೊಳಗೆ ಮಲಗಿಸುತ್ತಾರೆ. ರೋಗಿಯನ್ನು ಬೇರೆ ಮಲಗಿಸುವ ಆ ಪದ್ಧತಿಯಲ್ಲಿ ವಿವೇಕವಿದೆ, ಅಲ್ಲಗಳೆಯಲಾಗದು. ಆದರೆ ಮೈಮೇಲೆ ಗುಳ್ಳೆ ಏಳುವ ನಾಲ್ಕು ದಿನ ಮೊದಲೇ ಆ ಮಗು ರೋಗವನ್ನು ಹರಡುತ್ತಿರುತ್ತದೆ. ರಕ್ಷಣೆಯಿಲ್ಲದ ಜನರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ಅದು ಹರಡಬಲ್ಲದು. ಹತ್ತಾರು ಗುಡಿಸಲುಗಳ ಒಂದು ದಡ್ಡಿಗೆ ಅದು ಹೊಕ್ಕರೆ ಲಸಿಕೆಯಿಲ್ಲದ ಮಕ್ಕಳೆಲ್ಲ ಮಲಗುವುದಕ್ಕೆ ಎರಡು ವಾರ ಸಾಕು. ಸೊರಗಿದ ಮಗುವಿಗೆ ಅದರಿಂದ ಶ್ವಾಸಕೋಶದ ಉರಿಯೂತ, ಭೇದಿ, ಕುರುಡುತನ, ಸಾವು ಕೂಡ ಬರಬಹುದು. ಹಿಂದಿನ ರೋಗಗಳ ವಿರುದ್ಧ ದೇಹ ಗಳಿಸಿಟ್ಟುಕೊಂಡ ನೆನಪನ್ನೂ ದಡಾರ ಅಳಿಸಿಹಾಕುತ್ತದೆಂದು ಈಚಿನ ಸಂಶೋಧನೆಗಳು ತೋರಿಸಿವೆ. ಗುಳ್ಳೆ ಒಣಗಿದ ಮೇಲೂ ಮಗು ತಿಂಗಳುಗಟ್ಟಲೆ ಬೇರೆ ಬೇರೆ ಕಾಯಿಲೆಗಳಿಂದ ನರಳುವುದನ್ನು ನಮ್ಮ ಹಿರಿಯ ತಾಯಂದಿರು ಬಲ್ಲರು. ಇದಕ್ಕೆ ದಡಾರ-ರುಬೆಲ್ಲಾ ಲಸಿಕೆಯ ಎರಡು ಸೂಜಿಗಳು ನೂರರಲ್ಲಿ ಸುಮಾರು 97 ಮಕ್ಕಳಿಗೆ ರಕ್ಷಣೆ ಕೊಡುತ್ತವೆ. ಒಂಬತ್ತು ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಲಸಿಕೆಗಳ ಕಥೆಯೂ ಇಂತಹುದೇ. ಕೋಟ್ಯಂತರ ಮಕ್ಕಳ ಮೇಲೆ ದಶಕಗಳಿಂದ ಪರೀಕ್ಷೆಗೊಳಗಾಗಿ ನಿಂತವು ಇವು.

“ನೀವು ಆಯುರ್ವೇದದವರು, ನೀವಾದರೂ ಬೇಡವೆನ್ನಿ” ಎಂದು ನಮ್ಮ ಮುಂದೆ ಕುಳಿತು ಕೇಳುವವರಿದ್ದಾರೆ. ಕಾಡಂಚಿನವರಿಗಿಂತ ಓದಿದ ಭಕ್ತರೇ ಹೀಗೆ ಹೆಚ್ಚಾಗಿ ಕೇಳುತ್ತಾರೆ ಎಂಬುದನ್ನೂ ಹೇಳಿಬಿಡುತ್ತೇವೆ. ಚರಕಸಂಹಿತೆ ಮನುಷ್ಯನ ಬಲವನ್ನು ಮೂರು ಬಗೆಯಾಗಿ ಹೇಳುತ್ತದೆ: ಹುಟ್ಟಿನಿಂದ ಬಂದ ಸಹಜ ಬಲ, ಋತು ಮತ್ತು ವಯಸ್ಸಿನಿಂದ ಬರುವ ಕಾಲಜ ಬಲ, ಆಹಾರ-ವಿಹಾರ-ಉಪಾಯಗಳಿಂದ ಗಳಿಸುವ ಯುಕ್ತಿಕೃತ ಬಲ. ಲಸಿಕೆ ಈ ಮೂರನೆಯದಕ್ಕೆ ಸೇರುತ್ತದೆ ಎಂದು ನಾವು ಅರ್ಥೈಸುತ್ತೇವೆ. ಅದೇ ಗ್ರಂಥದ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸದ ಅಧ್ಯಾಯವಿದೆ. ಬೇರೆ ಬೇರೆ ಪ್ರಕೃತಿಯ, ಬೇರೆ ಬೇರೆ ಆಹಾರದ ಜನರೆಲ್ಲ ಒಂದೇ ಕಾಲಕ್ಕೆ ಒಂದೇ ರೋಗದಿಂದ ಸಾಯುವುದು ಹೇಗೆ ಎಂದು ಶಿಷ್ಯ ಅಗ್ನಿವೇಶ ಕೇಳುತ್ತಾನೆ. ಗಾಳಿ, ನೀರು, ನೆಲ, ಕಾಲ ಎಂಬ ಎಲ್ಲರಿಗೂ ಸಮಾನವಾದವು ಕೆಟ್ಟಾಗ ಹೀಗಾಗುತ್ತದೆ ಎಂದು ಆತ್ರೇಯರು ಉತ್ತರಿಸುತ್ತಾರೆ. ಒಬ್ಬೊಬ್ಬರ ಪಥ್ಯದಿಂದ ಮಾತ್ರ ತಡೆಯಲಾಗದ ರೋಗಗಳಿವೆ ಎಂಬ ಅರಿವು ನಮ್ಮ ಶಾಸ್ತ್ರಕ್ಕೆ ಅಂದೇ ಇತ್ತು. “ನಾವು ಕಾಡಿನ ಗೆಡ್ಡೆಗೆಣಸು ತಿನ್ನುತ್ತೇವೆ, ನಮಗೆ ರೋಗ ತಾಗದು” ಎನ್ನುವ ಕುಣಬಿ ಹಿರಿಯರಿಗೆ ಹೇಳಬೇಕಾದದ್ದೂ ಇದನ್ನೇ. ಆ ಗೆಡ್ಡೆಗೆಣಸು ಅಮೃತಸಮಾನ. ಆದರೆ ಸಂತೆಯಿಂದ ಬರುವ ಗಾಳಿಗೆ ಅದು ಬಾಗಿಲು ಹಾಕದು.

ಲಸಿಕೆ ನಮ್ಮ ಪ್ರಾಚೀನ ಗ್ರಂಥಗಳಲ್ಲೇ ಇತ್ತೆಂದು ಹೇಳಿ ಜನರನ್ನು ಒಪ್ಪಿಸಲು ಹೊರಡುವ ನಮ್ಮ ವೃತ್ತಿಬಂಧುಗಳೂ ಇದ್ದಾರೆ. ಉದ್ದೇಶ ಒಳ್ಳೆಯದಿರಬಹುದು, ದಾರಿ ಸರಿಯಲ್ಲ. 19ನೆಯ ಶತಮಾನದ ಆರಂಭದಲ್ಲಿ ಸಿಡುಬಿನ ಲಸಿಕೆಗೆ ಜನ ಒಲಿಯಲೆಂದು ಮದರಾಸಿನ ಇಂಗ್ಲಿಷ್ ಅಧಿಕಾರಿಯೊಬ್ಬರು ಹೊಸದಾಗಿ ಸಂಸ್ಕೃತ ಪದ್ಯಗಳನ್ನು ಹೊಸೆಸಿ ಹಳೆಯ ಗ್ರಂಥದ್ದೆಂದು ಹರಡಿದರಂತೆ. ಅಂತಹ ಕಟ್ಟುಕಥೆಯನ್ನು ಇಂದಿಗೂ ನಿಜವೆಂದು ಉದ್ಧರಿಸುವವರಿದ್ದಾರೆ! ಸುಳ್ಳಿನ ಮೇಲೆ ಕಟ್ಟಿದ ನಂಬಿಕೆ ಮೊದಲ ಜ್ವರಕ್ಕೇ ಕುಸಿಯುತ್ತದೆ.

ಸುಳ್ಳು ಏಕೆ ಬೇಕು, ನಿಜವಾದ ಕಥೆಯೇ ಗೌಳಿಗರಿಗೆ ಹೇಳಲು ಯೋಗ್ಯವಾಗಿರುವಾಗ? ಲಸಿಕೆ ಹುಟ್ಟಿದ್ದೇ ದನಗಾಹಿಗಳ ಅಂಗಳದಲ್ಲಿ. ಹಸುವಿನ ಕೆಚ್ಚಲಿನ ಸಿಡುಬು ಕೈಗೆ ತಗುಲಿದ ಹಾಲು ಹಿಂಡುವ ಹೆಂಗಸರಿಗೆ ದೊಡ್ಡ ಸಿಡುಬು ಬರುವುದಿಲ್ಲವೆಂಬ ಮಾತು ಇಂಗ್ಲೆಂಡಿನ ಹಳ್ಳಿಗಳಲ್ಲಿ ಬಳಕೆಯಲ್ಲಿತ್ತು. ವೈದ್ಯ ಎಡ್ವರ್ಡ್ ಜೆನ್ನರ್ ಆ ಹಳ್ಳಿಯ ಮಾತನ್ನು ನಗೆಯಾಡದೆ ಕೇಳಿಸಿಕೊಂಡು 1796ರಲ್ಲಿ ಪ್ರಯೋಗಿಸಿದರು. ಇಂಗ್ಲಿಷಿನ ‘ವ್ಯಾಕ್ಸಿನ್’ ಎಂಬ ಹೆಸರಿನಲ್ಲಿ ಲ್ಯಾಟಿನ್ ಭಾಷೆಯ ಹಸುವೇ ಅಡಗಿದೆ. ಆರೇ ವರ್ಷಗಳಲ್ಲಿ, 1802ರಲ್ಲಿ, ಅದು ಮುಂಬಯಿಗೆ ಬಂತು. 1805ರ ಸುಮಾರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ಈ ಲಸಿಕೆ ಪಡೆದರು. ಚಿತ್ರಕಾರ ಥಾಮಸ್ ಹಿಕಿ ಬರೆದ ಮೈಸೂರು ರಾಣಿಯರ ಚಿತ್ರವೊಂದರಲ್ಲಿ ರಾಣಿ ಸೆರಗು ಸರಿಸಿ ತೋಳಿನ ಲಸಿಕೆಯ ಜಾಗವನ್ನು ತೋರಿಸುತ್ತಿದ್ದಾರೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಅರಮನೆಯ ತೋಳು ಕಂಡ ಪ್ರಜೆಗಳಿಗೆ ಧೈರ್ಯ ಬಂದಿರಬೇಕು. ನಮ್ಮ ಮುಂಬಯಿ ಪ್ರಾಂತದ ಹಳ್ಳಿಗಳಲ್ಲಿ ‘ದೇವಿ ಹಾಕಿಸುವುದು’ ಎಂದು ಕರೆದು ಆ ಸೂಜಿಯನ್ನು ಜನ ತಮ್ಮದಾಗಿಸಿಕೊಂಡರು. ನಮ್ಮ ವಯಸ್ಸಿನವರ ತೋಳಿನ ಮೇಲೆ ಅದರ ದುಂಡನೆಯ ಗುರುತು ಇಂದಿಗೂ ಇದೆ. 1975ರ ನಂತರ ಭಾರತದಲ್ಲಿ ಸಿಡುಬಿನ ರೋಗಿಯಿಲ್ಲ. 1980ರಲ್ಲಿ ಇಡೀ ಜಗತ್ತಿನಿಂದಲೇ ಅದು ಅಳಿದುಹೋಯಿತೆಂದು ಘೋಷಿಸಲಾಯಿತು.

ಗೌಳಿಗರು ತಮ್ಮ ಎಮ್ಮೆ-ಆಕಳುಗಳಿಗೆ ಕಾಲುಬಾಯಿ ಬೇನೆಯ ಸೂಜಿ ಹಾಕಿಸುವುದನ್ನು ನಾವು ಕಂಡಿದ್ದೇವೆ. ಸೂಜಿಯ ನಂತರ ಒಂದೆರಡು ದಿನ ಹಾಲು ಇಳಿಯುತ್ತದೆಂದು ಪಶುವೈದ್ಯರು ಮೊದಲೇ ಹೇಳಿರುತ್ತಾರೆ. ಬೇನೆ ಹೊಕ್ಕರೆ ಹಟ್ಟಿಗೆ ಹಟ್ಟಿಯೇ ಕುಂಟುತ್ತದೆಂದು ಜನರೂ ಕಣ್ಣಾರೆ ಕಂಡಿದ್ದಾರೆ. ಆದುದರಿಂದ ಹಾಲು ಇಳಿದರೂ ಯಾರೂ ಗಾಬರಿಯಾಗುವುದಿಲ್ಲ. ಮೊದಲು ಹೇಳಿದ ಆ ಗೌಳಿ ತಾಯಿಗೆ ನಾವು ಕೊಟ್ಟದ್ದು ಇದೇ ಉತ್ತರ. “ಎಮ್ಮಿಗೆ ಎರಡು ದಿನ ಹಾಲು ಕಡಿಮಿ ಆದಂಗ, ಕೂಸಿಗೆ ಒಂದೆರಡು ದಿನ ಜ್ವರಾ ತಂಗಿ” ಎಂದೆವು. ಆಕೆ ನಕ್ಕರು. ಒಡನೆ ಒಪ್ಪಿದರೆಂದು ಹೇಳಲಾರೆವು. ಮನೆಯಲ್ಲಿ ಅತ್ತೆಯನ್ನು ಕೇಳಬೇಕೆಂದು ಹೋದರು. ಮೂರು ವಾರದ ಮೇಲೆ ಅತ್ತೆಯೇ ಕೂಸನ್ನೆತ್ತಿಕೊಂಡು ಬಂದು, ಯಾವ ದಿನ ಎಲ್ಲಿಗೆ ಹೋಗಬೇಕೆಂದು ಕೇಳಿದರು. ದಡ್ಡಿಗಳಲ್ಲಿ ತೀರ್ಮಾನ ಮಾಡುವವರು ಯಾರೆಂದು ತಿಳಿಯದೆ ಎಳೆಯ ತಾಯಂದಿರನ್ನು ಗದರಿಸುವ ಸಿಬ್ಬಂದಿಗೆ ಈ ಸೂಕ್ಷ್ಮ ಅರಿವಿಗೆ ಬರುವುದಿಲ್ಲ.

ಭಾಷೆಯ ಮಾತನ್ನೂ ಆಡಬೇಕು. ಗೌಳಿಗರ ಮನೆಮಾತು ಮರಾಠಿಯ ಒಂದು ಬಗೆ, ಕುಣಬಿಯರದು ಕೊಂಕಣಿ, ಸಿದ್ದಿಯರಲ್ಲಿಯೂ ಕೊಂಕಣಿ ಬೆರೆತ ಮಾತೇ ಹೆಚ್ಚು. ಗೋಡೆಗೆ ಅಂಟಿಸಿದ ಶಿಷ್ಟ ಕನ್ನಡದ ಭಿತ್ತಿಪತ್ರ ಅಕ್ಷರ ಬಾರದ ಅಜ್ಜಿಗೆ ಏನು ಹೇಳೀತು? ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನ 2020ರಲ್ಲಿ ಕೊರೋನಾದಿಂದ ಆ ದೇಶದಲ್ಲೇ ಅತಿ ಹೆಚ್ಚು ನೊಂದವರ ಸಾಲಿನಲ್ಲಿದ್ದರು. ಮರುವರ್ಷ ಲಸಿಕೆ ಪಡೆಯುವುದರಲ್ಲಿ ಅವರು ದೇಶದ ಸರಾಸರಿಯನ್ನು ಮೀರಿ ಮುಂದೆ ಹೋದರು. ತಮ್ಮದೇ ಆಡಳಿತ, ತಮ್ಮದೇ ಆರೋಗ್ಯ ಕಾರ್ಯಕರ್ತರು, ತಮ್ಮದೇ ನುಡಿಯ ಆಕಾಶವಾಣಿ, ಹಿರಿಯರನ್ನು ಉಳಿಸಿಕೊಳ್ಳಬೇಕೆಂಬ ಹಂಬಲ, ಇವು ಅಲ್ಲಿ ಕೆಲಸ ಮಾಡಿದವು. ನಮ್ಮಲ್ಲಿಯೂ ಸಿದ್ದಿ ಹೆಣ್ಣುಮಕ್ಕಳು ಆಶಾ ಕಾರ್ಯಕರ್ತೆಯರಾಗಿ, ನರ್ಸ್‌ಗಳಾಗಿ ಬಂದರೆ ಅರ್ಧ ಸಂಶಯ ತಾನೇ ಕರಗುತ್ತದೆ. ಓದುವ ಸಿದ್ದಿ, ಗೌಳಿ, ಕುಣಬಿ ಹುಡುಗಿಯೊಬ್ಬಳ ಶುಲ್ಕ ಭರಿಸಬಲ್ಲ ಭಕ್ತರು ನಮ್ಮಲ್ಲಿ ಕಡಿಮೆಯೇನಲ್ಲ.

ಭಕ್ತಾದಿಗಳು ಇಂದೇ ಮಾಡಬಹುದಾದದ್ದೂ ಇದೆ. ನಮ್ಮ ಹೊಲಕ್ಕೆ ಬರುವ ತಾಯಿ ಮಗುವಿನ ಸೂಜಿಗಾಗಿ ಅರ್ಧ ದಿನ ತಪ್ಪಿಸಿದರೆ ಕೂಲಿಯನ್ನು ಮುರಿಯದಿರೋಣ. ಮರುದಿನ ಮಗುವಿಗೆ ಜ್ವರವಿದ್ದು ಬರಲಾಗದಿದ್ದರೆ ಆ ದಿನವನ್ನೂ ಹಿಡಿಯದಿರೋಣ. ಇನ್ನೂರು-ಮುನ್ನೂರು ರೂಪಾಯಿಯ ಈ ಮಾತು ಹತ್ತು ಪ್ರಚಾರ ಫಲಕಗಳಿಗಿಂತ ದೊಡ್ಡದು. ಲಸಿಕೆಯ ಬಗ್ಗೆ ಮೊಬೈಲಿಗೆ ಬಂದ ಭಯದ ಸುದ್ದಿಯನ್ನು ಮುಂದಕ್ಕೆ ಕಳಿಸುವ ಮುನ್ನ ನಿಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿರಿ. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಮ್ಮ ರಾಜ್ಯದಲ್ಲಿ ನಡೆದಾಗ ಇಂತಹ ಸುದ್ದಿಗಳನ್ನು ಹಬ್ಬಿಸಿದವರು ಕಾಡಿನ ಜನರಲ್ಲ. ಮೊಬೈಲು ಇದ್ದ ಪೇಟೆಯ ಜನ.

ಪುಷ್ಯ ನಕ್ಷತ್ರದ ದಿನ ಮಕ್ಕಳಿಗೆ ಸುವರ್ಣಪ್ರಾಶನ ಮಾಡಿಸಲು ಅನೇಕರು ಬರುತ್ತಾರೆ. ಕಾಶ್ಯಪಸಂಹಿತೆ ಹೇಳಿದ ಈ ಸಂಸ್ಕಾರವನ್ನು ನಾವೂ ಮಾಡಿಸುತ್ತೇವೆ. ಆದರೆ ಅದು ಲಸಿಕೆಗೆ ಬದಲಿಯಲ್ಲ. ಬದಲಿಯೆಂದು ಹೇಳುವವರ ಮಾತನ್ನು ನಂಬಬೇಡಿ. ಕಷಾಯವೂ ಬದಲಿಯಲ್ಲ, ಅಮೃತಬಳ್ಳಿಯೂ ಬದಲಿಯಲ್ಲ. ಸುವರ್ಣಪ್ರಾಶನಕ್ಕೆ ಬರುವಾಗ ಮಗುವಿನ ತಾಯಿ ಕಾರ್ಡನ್ನೂ ತನ್ನಿರಿ; ಯಾವ ಸೂಜಿ ಉಳಿದಿದೆ ಎಂದು ನಾವೇ ನೋಡಿ ಹೇಳುತ್ತೇವೆ. ನಿಮ್ಮ ಹೊಲಮನೆಯಲ್ಲಿ ದುಡಿಯುವವರ ಮಕ್ಕಳನ್ನೂ ಜೊತೆಗೆ ಕರೆತನ್ನಿರಿ.

ಕೊನೆಯಲ್ಲಿ ತಾಯಂದಿರು ಕೇಳುವ ಕೆಲವು ಸಂಗತಿಗಳು. ಇವನ್ನು ಓದಲು ಬಾರದವರಿಗೆ ಓದಿ ಹೇಳಿರಿ. ನೆಗಡಿ, ಸಣ್ಣ ಭೇದಿ ಇದ್ದರೂ ಲಸಿಕೆ ಹಾಕಿಸಬಹುದು. ಒಂದು ಮಗುವಿಗೆ ಒಂದೇ ಸಿರಿಂಜು. ಒಮ್ಮೆ ಬಳಸಿದ ಮೇಲೆ ಅದು ತಾನಾಗಿ ಕೆಡುವಂತೆ ಮಾಡಿರುತ್ತಾರೆ, ಕಣ್ಣೆದುರೇ ಪೊಟ್ಟಣ ಬಿಚ್ಚಿಸಿ ನೋಡಿರಿ. ಸೂಜಿಯಾದ ಮೇಲೆ ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕು. ಚುಚ್ಚಿದ ಜಾಗಕ್ಕೆ ಸುಣ್ಣ, ಅರಿಸಿನ, ಎಣ್ಣೆ ಹಚ್ಚಬಾರದು, ತಿಕ್ಕಲೂ ಬಾರದು. ತಣ್ಣೀರಿನ ಬಟ್ಟೆ ಸಾಕು. ಹುಟ್ಟಿದಾಗ ಹಾಕುವ ಬಿ.ಸಿ.ಜಿ. ಲಸಿಕೆಯ ಜಾಗದಲ್ಲಿ ಕೆಲವು ವಾರಗಳ ನಂತರ ಸಣ್ಣ ಹುಣ್ಣಾಗಿ ತಾನೇ ಒಣಗುತ್ತದೆ, ಅದನ್ನು ಮುಟ್ಟಬೇಡಿ. ಜ್ವರಕ್ಕೆ ಸಿಸ್ಟರ್ ಕೊಟ್ಟ ಔಷಧವನ್ನು ಅವರು ಹೇಳಿದ ಅಳತೆಯಲ್ಲೇ ಕೊಡಿ. ಎದೆಹಾಲನ್ನು ಪದೇ ಪದೇ ಕುಡಿಸಿರಿ. ಜ್ವರ ಮೂರು ದಿನ ಮೀರಿದರೆ, ಮಗು ಎಡೆಬಿಡದೆ ಅತ್ತರೆ, ಸೆಳೆತ ಬಂದರೆ, ಮೈತುಂಬ ದದ್ದು ಎದ್ದು ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಕರೆ ಮಾಡಿದರೆ ವಾಹನ ಬರುತ್ತದೆ. ಒಂದು ಸೂಜಿ ತಪ್ಪಿದರೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಆಯಿತು. ಕಾರ್ಡು ಮಳೆಗೆ ನೆನೆದು ಹರಿದಿದ್ದರೂ, ಕಳೆದೇ ಹೋಗಿದ್ದರೂ ಸಂಕೋಚ ಬೇಡ. ಸಿಸ್ಟರ್ ಬಳಿ ದಾಖಲೆ ಇರುತ್ತದೆ, ಹೊಸದನ್ನು ಬರೆದುಕೊಡುತ್ತಾರೆ. ಬಹುತೇಕ ಕಡೆ ಲಸಿಕೆಯ ದಿನ ಗುರುವಾರ. ಎಮ್ಮೆ ಹಿಂಡುವ ಹೊತ್ತಿಗೆ ಅದು ಹೊಂದದಿದ್ದರೆ, ಹಾಲು ಹಾಕಿ ಬಂದ ಮೇಲೆ ಹತ್ತೂವರೆಗೋ ಹನ್ನೊಂದಕ್ಕೋ ದಡ್ಡಿಗೇ ಬರುವಂತೆ ಆಶಾ ಕಾರ್ಯಕರ್ತೆಯನ್ನು ಕೇಳಿಕೊಳ್ಳಿರಿ.